ಆಲೆಮನೆಗೆ ಎಳೆಸಿದ ಕರೆಂಟು

ಮೊದಲ ಕಂಬದ ಗುಂಡಿಗೆ ಹಾರೆ ಬೀಳುವ ಮೊದಲೇ ಮುಂಡಪ್ಪ ಶೆಟ್ಟರು ಅಡ್ಡ ಬಂದು ನಿಂತರು. ದೈವದ ಒಡವೆಗಳ ಭಂಡಾರ ಹೊತ್ತು ಹೋಗುವ ದಾರಿಯ ಮೇಲೆ ತಂತಿ ಹಾಯಕೂಡದು, ಕಂಬ ಕೆಳಗಿನ ಗದ್ದೆಯ ಬದಿಯಲ್ಲೇ ಹೋಗಲಿ ಎಂದರು. ಲೈನ್‌ಮನ್ ರುಕ್ಮಯ್ಯ ಶಂಭುವಿನ ಮುಖ ನೋಡಿದ. ಶಂಭು ಹಲ್ಲು ಕಚ್ಚಿಕೊಂಡು ತಲೆಯಾಡಿಸಿದ. ದೈವದ ಹೆಸರು ಬಂದ ಮೇಲೆ ವಾದಕ್ಕೆ ಜಾಗವಿಲ್ಲ. ಅವನ ಸೋದರಮಾವನಾದ ಶೆಟ್ಟರಿಗೂ ಅದು ಚೆನ್ನಾಗಿ ಗೊತ್ತಿತ್ತು.

ತೋಡಾರಿನ ಆ ಮನೆಯ ಯಜಮಾನಿಕೆ ಶೆಟ್ಟರದು. ಆದರೆ ಅಳಿಯಸಂತಾನದ ಮನೆ, ಆಸ್ತಿ ಸೇರುವುದು ತಂಗಿ ರಾಜೀವಿಗೆ ಮತ್ತು ಅವಳ ಮಗ ಶಂಭುವಿಗೆ. ಶೆಟ್ಟರ ಹೆಂಡತಿ ಪ್ರೇಮಾವತಿ ಹೊಳೆಯಾಚೆ ತನ್ನ ತಾಯಿಮನೆಯಲ್ಲಿದ್ದಳು. ಮಗ ನಿತ್ಯಾನಂದ ಮೂಡುಬಿದಿರೆಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಶೆಟ್ಟರು ಸಂಜೆ ಹೊಳೆಯ ಮೇಲಿನ ಸಂಕ ದಾಟಿ ಅಲ್ಲಿಗೆ ಹೋಗಿ ಬೆಳಿಗ್ಗೆ ಹಿಂದಿರುಗುತ್ತಿದ್ದರು. ಹೋಗುವಾಗ ಅಣ್ಣನ ಕೈಯಲ್ಲಿ ಏನಿದೆ ಎಂದು ರಾಜೀವಿ ಚಾವಡಿಯಿಂದಲೇ ನೋಡಿಕೊಳ್ಳುತ್ತಿದ್ದಳು. ಕೊಡೆಯ ಹೊರತು ಏನೂ ಇರುತ್ತಿರಲಿಲ್ಲ. ಮನೆಯ ಸೊತ್ತು ಸ್ವಂತ ಮಗನ ಪಾಲಾಯಿತೆಂದರೆ ಅಳಿಯಂದಿರು ಕೋರ್ಟು ಹತ್ತುವ ಕಾಲ ಅದು.

ಶಂಭು ಮಂಗಳೂರಿನಲ್ಲಿ ಲೇತ್ ಕೆಲಸ ಕಲಿತು ಬಂದಿದ್ದ. ಊರಲ್ಲೇ ಸ್ವಂತ ವರ್ಕ್‌ಶಾಪು ತೆರೆಯಬೇಕು, ಇಲ್ಲವಾದರೆ ಇನ್ನೊಬ್ಬರ ಕೈಕೆಳಗೇ ಮುದುಕನಾಗಬೇಕು. ಅವನಿಗಿದ್ದ ಭಯ ಅದೊಂದೇ. ಲೇತ್ ಲಾರಿಯಲ್ಲಿ ಬಂದು ಜಗಲಿಯಲ್ಲಿ ಕುಳಿತಿತ್ತು. ರಸ್ತೆಯ ಬದಿಗೆ ಹೊಸದಾಗಿ ಕರೆಂಟು ಬಂದಿತ್ತು. ಅದರ ಎದುರಿಗೇ ಮನೆಯ ಗಾಡಿಕೊಟ್ಟಿಗೆ. ಒಂದು ಕಂಬವೂ ಬೇಡ. ಶಂಭು ಮಾವನಲ್ಲಿ ಆ ಕೊಟ್ಟಿಗೆಯನ್ನೇ ಕೇಳಿದ.

ದೇವರು ಕೊಟ್ಟರೂ ಪೂಜಾರಿ ಕೊಡ. ಎತ್ತುಗಳನ್ನು ನಿನ್ನ ತಲೆಯ ಮೇಲೆ ಕಟ್ಟಲೇ ಎಂದು ಕೇಳಿದರು ಶೆಟ್ಟರು. ಶಂಭು ಬಿಡಲಿಲ್ಲ. ಕೊನೆಗೆ ಅವರು ಬೈಲಿನ ತುದಿಗೆ ಬೊಟ್ಟು ಮಾಡಿದರು. ಅಲ್ಲಿ ಕಬ್ಬು ಬೆಳೆಯುವುದನ್ನು ಬಿಟ್ಟ ಮೇಲೆ ಪಾಳುಬಿದ್ದ ಆಲೆಮನೆಯಿತ್ತು.

“ಅದು ಉಂಟಲ್ಲ, ತೆಗೆದುಕೋ. ಅಷ್ಟು ದೂರ ಕರೆಂಟು ಎಳೆಸುವ ತಾಕತ್ತು ಉಂಟಾ ನಿನಗೆ?”

ಶಂಭುವಿಗೆ ಅವಮಾನವಾಯಿತು. ಎಳೆಸಿಯೇ ಸಿದ್ಧ ಎಂದುಬಿಟ್ಟ.

ರಾಜೀವಿಗೆ ಮಾತ್ರ ಅಣ್ಣನ ಹೊಟ್ಟೆಯೊಳಗಿನ ಲೆಕ್ಕ ತಿಳಿದಂತಾಯಿತು. ರಸ್ತೆ ಬದಿಯ ಕೊಟ್ಟಿಗೆಯನ್ನು ನಿತ್ಯಾನಂದನಿಗೆ ದಾಟಿಸುವ ಹುನ್ನಾರ ಇದು ಎಂದು ಅವಳು ಶಂಭುವಿಗೆ ಹೇಳಿದಳು. ಅಂದೇ ಕೊಟ್ಟಿಗೆಯ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಅವಳ ಸೊಂಟಕ್ಕೆ ಬಂತು. ಎತ್ತುಗಳಿಗೆ ಹುಲ್ಲು ಹಾಕಲೂ ಶೆಟ್ಟರು ತಂಗಿಯನ್ನು ಕರೆಯಬೇಕಾಯಿತು. ಅವರು ತಕರಾರಿಲ್ಲದೆ ದಿನವೂ ಕರೆದರು. ಅದರಿಂದ ಅವಳ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ಶಂಭು ಕರೆಂಟು ಆಫೀಸಿನ ಮೆಟ್ಟಿಲು ಸವೆಸಿದ. ಒಂದು ಹಾಳು ಕಟ್ಟಡಕ್ಕಾಗಿ ಅಷ್ಟುದ್ದ ಲೈನು ಎಳೆಯಲಾಗದು ಎಂದರು. ಅವನು ಕಾಡಿಸಿದ, ಬೇಡಿಕೊಂಡ, ಜಗಳವಾಡಿದ. ಕಂಬದ ಮರ ನೀವೇ ಕೊಡುವುದಾದರೆ ನೋಡುವ ಎನ್ನುವಷ್ಟಕ್ಕೆ ಅವರು ಇಳಿದರು. ಮರವಿದ್ದದ್ದು ಮನೆಯ ಗುಡ್ಡದಲ್ಲಿ. ಒಳ್ಳೆಯ ಬೋಗಿ ಮರಗಳು. ಶೆಟ್ಟರು ಸುತರಾಂ ಒಪ್ಪಲಿಲ್ಲ. ಮರಕ್ಕೆ ಕೊಡಲಿ ಹಾಕಿಸಿದ ಯಜಮಾನ ಎಂಬ ಹೆಸರು ತನಗೆ ಬೇಡ ಎಂದರು. ಆಗ ರಾಜೀವಿಯೇ ಚಾವಡಿಗೆ ಬಂದು ನಿಂತಳು.

“ಈ ಮನೆಯ ಮರ ಈ ಮನೆಯ ಮಗುವಿಗಲ್ಲದೆ ಮತ್ಯಾರಿಗೆ, ಅಣ್ಣ? ನೀವು ಕಡಿಸಲೇಬೇಕು.”

ಶೆಟ್ಟರು ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳಕ್ಕೆ ಉಗುಳಿ ಬಂದರು.

“ನೀನು ಹೇಳಿದ್ದು ನಾಲ್ಕು ಜನ ಕೇಳಿದ್ದಾರೆ. ಸರಿ, ಕಡಿಸುವ.”

ಕಂಬ ಏಳತೊಡಗಿದ ಮೇಲೂ ಅವರ ತಕರಾರು ನಿಲ್ಲಲಿಲ್ಲ. ಇಲ್ಲಿ ನಾಗಬನ, ಅಲ್ಲಿ ನೀರು ಹರಿಯುವ ಕಣಿ. ಕೊನೆಯ ಕಂಬವನ್ನಂತೂ ಆಲೆಮನೆಯ ಬಾಗಿಲ ಬಳಿ ನೆಡಲು ಬಿಡಲೇ ಇಲ್ಲ, ದನ ಮೈ ತಿಕ್ಕಿ ಬೀಳಿಸುತ್ತವೆ ಎಂದರು. ಅದು ಹಿಂಬದಿಗೆ, ಹೊಳೆಯ ದಂಡೆಗೆ ಹೋಯಿತು. ಅಲ್ಲಿಂದ ತಂತಿಯನ್ನು ಸುತ್ತಿಸಿ ಮುಂದೆ ತರಬೇಕಾಯಿತು. ಮಾವನಿಗೆ ತನ್ನ ಏಳಿಗೆ ಕಂಡರಾಗದು ಎಂಬುದರಲ್ಲಿ ಶಂಭುವಿಗೆ ಸಂಶಯವೇ ಉಳಿಯಲಿಲ್ಲ.

ಕರೆಂಟು ಬಂದ ಬೆಳಿಗ್ಗೆ ಗಣಪತಿಗೆ ಕಾಯಿ ಒಡೆದರು. ಸ್ವಿಚ್ಚು ಒತ್ತಿದಾಗ ಲೇತ್ ಒಮ್ಮೆ ಗೊಣಗಿ ತಿರುಗತೊಡಗಿತು. ಶಂಭುವಿನ ಕಣ್ಣು ತುಂಬಿ ಬಂತು. ಸಂತೋಷದಲ್ಲಿ ಸಿಟ್ಟು ನಿಲ್ಲುವುದಿಲ್ಲ. ಅವನು ಬಗ್ಗಿ ಮಾವನ ಕಾಲು ಮುಟ್ಟಿದ. ಅವರು ನಿಜವಾದ ಪ್ರೀತಿಯಿಂದಲೇ ತಲೆ ನೇವರಿಸಿ, ಕೊಡೆ ಎತ್ತಿಕೊಂಡು ಸಂಕದ ಕಡೆ ಹೊರಟರು. ಅಷ್ಟು ಬೆಳಿಗ್ಗೆ ಅವರು ಆ ಕಡೆ ಹೋದದ್ದೇ ಇಲ್ಲ. ರಾಜೀವಿ ವಾಡಿಕೆಯಂತೆ ಅವರ ಕೈ ನೋಡಿದಳು. ಕೊಡೆ ಮಾತ್ರ.

ರುಕ್ಮಯ್ಯ ಕರೆಂಟನ್ನು ಮತ್ತೆ ನಿಲ್ಲಿಸಿ ಕೊನೆಯ ಕಂಬ ಹತ್ತಿದ್ದ. ಅವಲಕ್ಕಿ ತಿನ್ನಲು ಇಳಿದು ಬಾ ಎಂದು ಶಂಭು ಕರೆದ.

“ಸ್ವಲ್ಪ ತಡೆಯಿರಿ ಶಂಭು ಶೆಟ್ರೆ, ಇನ್ನೊಂದು ಕಡೆಗೆ ತಂತಿ ಬಿಗಿಯಲಿಕ್ಕೆ ಉಂಟು. ದೂರ ಆಯಿತು ಅಂತ ಆಫೀಸಿನವರು ಆಚೆಯವರಿಗೆ ಕರೆಂಟು ಕೊಟ್ಟಿರಲಿಲ್ಲ. ಈಗ ಕಂಬ ಹತ್ತಿರವೇ ಬಂತಲ್ಲ.”

ಹೊಳೆಯಾಚೆ, ಯಂತ್ರಕ್ಕೆ ಗೋಣಿ ಹೊದಿಸಿಟ್ಟಿದ್ದ ತನ್ನ ಸ್ವಂತ ಅಕ್ಕಿ ಗಿರಣಿಯ ಮಾಡು ಹತ್ತಿ ನಿಂತು, ನಿತ್ಯಾನಂದ ತಂತಿಯ ತುದಿಗಾಗಿ ಕೈ ಚಾಚಿದ್ದ.