ಪರಿಯ ದನಿ

ತನ್ನ ಗೀಚು ಅಕ್ಷರ ವಕೀಲರಿಗೆ ತಿಳಿಯದೆ ಹೋದರೆ ಎಂಬುದಷ್ಟೇ ದಾನೇಶ್ವರಿಯ ಚಿಂತೆಯಾಗಿತ್ತು. ಮನೆಯಲ್ಲಿ ಪದವಿ ಓದಿದವಳು ಅವಳೊಬ್ಬಳೇ. ಹಾಗಾಗಿ ಅಕ್ಕನ ಮಗಳು ಪರಿಯ ರೆಕಾರ್ಡಿಂಗ್ ಕೇಳಿ ಬರೆದುಕೊಡುವ ಕೆಲಸ ಅವಳದು. ಗಂಡನನ್ನು ಬಿಟ್ಟುಬಂದ ಅಕ್ಕನಿಗೆ ಮಗು ಸಿಗಬೇಕೆಂದರೆ ಕೋರ್ಟಿಗೆ ಕೊಡಲು ಇದ್ದ ಸಾಕ್ಷಿ ಅದೊಂದೇ.

ಇಯರ್‌ಫೋನಿನಲ್ಲಿ ಐದು ವರ್ಷದ ದನಿ ಹೇಳಿತು: "ನಮ್ಮಪ್ಪ ದಿನಾ ಹೊಡೀತಾನ್ರೀ... ಏನ್ ಹೇಳ್ಲಿ ನನ್ನವ್ವಾ." ದಾನೇಶ್ವರಿಯ ಪೆನ್ನು ಹಾಳೆ ಮುಟ್ಟುವ ಮುನ್ನವೇ ನಿಂತಿತು. ಮುಂಬೈಯ ಚೆಂಬೂರಿನಲ್ಲಿ ಹುಟ್ಟಿದ ಪರಿ ಹಿಂದಿ ಬಿಟ್ಟು ಬೇರೆ ಮಾತಾಡುವವಳಲ್ಲ. ತಂದೆಯನ್ನು ಎಂದೂ ಅಪ್ಪ ಎಂದವಳಲ್ಲ. ಆ 'ರೀ', ನಡುವಿನ ಆ ನಿಟ್ಟುಸಿರು, ಎರಡೂ ತನ್ನ ಅವ್ವನವು, ಪರಿಯ ಅಜ್ಜಿಯವು.

ಅವಳು ಇಯರ್‌ಫೋನ್ ಕಿತ್ತಳು. ದನಿ ನಿಲ್ಲಲಿಲ್ಲ. ನೆಲದ ಮೇಲೆ ಕೂತ ಪರಿ ಗೊಂಬೆಗೆ ಜಡೆ ಹೆಣೆಯುತ್ತ, ತಲೆಯೆತ್ತದೆ, ಅದೇ ಮಾತನ್ನು ಅದೇ ನಿಟ್ಟುಸಿರಿನೊಂದಿಗೆ ಹೇಳುತ್ತಿದ್ದಳು. ಪಪ್ಪಾ ನಿಜವಾಗಿ ಹೊಡೆಯುತ್ತಾರಾ ಎಂದು ದಾನೇಶ್ವರಿ ಹಿಂದಿಯಲ್ಲಿ ಕೇಳಿದಳು.

"ನಹೀಂ ತೋ, ಮೌಸಿ!" ಇಲ್ವಲ್ಲ ಚಿಕ್ಕಮ್ಮ ಎಂದು ಮಗು ತನ್ನದೇ ದನಿಯಲ್ಲಿ ನಕ್ಕಿತು.

"ಬರದ್ಯೇನ, ಶಾಣ್ಯಾಕಿ?" ಅವ್ವ ಅಡುಗೆಮನೆಯಿಂದ ಬಂದಳು. "ವಕೀಲರು ಬಿಲ್ಡಿಂಗ್ ಕೆಳಗ ಬಂದಾರ."

ಅವ್ವನಿಗೆ ಒಮ್ಮೆಯೂ ಎದುರಾಡದ ದಾನೇಶ್ವರಿ ಖಾಲಿ ಹಾಳೆಯನ್ನು ಅವಳ ಮುಂದೆ ಹಿಡಿದಳು.

"ಯವ್ವಾ, ಆ ರೆಕಾರ್ಡಿಂಗ್‌ನಾಗ ಮಾತಾಡಿದಾಕಿ ಪರಿ ಅಲ್ಲ. ನೀನು."