ಏನೂ ಹಚ್ಚದ ಕೈ

ಮುದುಕನ ಬಲಗೈಯನ್ನು ಮೇಜಿನ ಮೇಲೆ ಚಾಚಿಸಿ ಲ್ಯಾಬಿನ ಮುಖ್ಯಸ್ಥೆ ಮತ್ತೊಮ್ಮೆ ಅಳೆದಳು. ಯಂತ್ರ ಮತ್ತೆ ಅದೇ ಸುಳ್ಳು ಹೇಳಿತು.

ಸುಳ್ಳಲ್ಲದೆ ಇನ್ನೇನು? ಚರ್ಮವೆಂದರೆ ಮೈಗೆ ಕಟ್ಟಿದ ಬೇಲಿ. ಒಳಗಿನ ನೀರು ಆವಿಯಾಗಿ ಹೋಗದಂತೆ ಅದು ತಡೆಯಬೇಕು. ಆ ಬೇಲಿ ಎಷ್ಟು ಗಟ್ಟಿ ಎಂದು ಅಳೆಯುವುದೇ ಇಲ್ಲಿಯ ಕೆಲಸ. ಬಂದವರ ಎಡಗೈಗೆ ಕಂಪನಿಯ ಕ್ರೀಮು, ಬಲಗೈಗೆ ಏನೂ ಇಲ್ಲ. ಹೋಲಿಸಿ ನೋಡಲು ಒಂದು ಕೈ ಒಣಗಿಯೇ ಇರಬೇಕು. ಈ ನಿವೃತ್ತ ಬಸ್ ಕಂಡಕ್ಟರನ ಬಲಗೈ ಮಾತ್ರ ವಾರದಿಂದ ವಾರಕ್ಕೆ ನಯವಾಗುತ್ತಿತ್ತು. ಅದೂ ಮೊಣಕೈ ಕೆಳಗೆ, ಒಂದು ಅಂಗೈಯಗಲ ಜಾಗದಲ್ಲಿ.

ಹೋದ ವಾರ ಅಲ್ಲಿಗೆ ಅಂಟುಪಟ್ಟಿ ಅಂಟಿಸಿ, ಕಿತ್ತು, ಪರೀಕ್ಷೆಗೆ ಕಳಿಸಿದ್ದರ ವರದಿ ಇಂದು ಬೆಳಿಗ್ಗೆ ನೋಡಿದಾಗ ಅವಳ ರಕ್ತ ಕುದಿದಿತ್ತು. ಸಿಕ್ಕಿದ್ದು ಅವಳೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ತಯಾರಿಸಿದ, ಇನ್ನೂ ಪರೀಕ್ಷೆಗೇ ಬಿಡದ ಹೊಸ ಮುಲಾಮು. ಅದಿದ್ದ ಬೀರುವಿಗೆ ಎರಡೇ ಕೀಲಿ. ಒಂದು ಅವಳ ಬಳಿ, ಇನ್ನೊಂದು ಸಹಾಯಕಿಯ ಬಳಿ. ಮಾದರಿ ಹೊರಗೆ ಹೋದರೆ ಒಯ್ದವರ ಕೆಲಸವೂ ಹೋಗಬೇಕು ಎಂಬ ನಿಯಮ ಮಾಡಿಸಿದ್ದೂ ಅವಳೇ.

ಸಹಾಯಕಿ ಬಾಗಿಲ ಬಳಿ ನಿಂತಿದ್ದಳು, ಕಣ್ಣು ಊದಿಕೊಂಡಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಎಂದು ಬೆಳಿಗ್ಗೆಯೇ ಅವಳಿಗೆ ಛೀಮಾರಿ ಹಾಕಿಯಾಗಿತ್ತು. ಮಕ್ಕಳ ಆಣೆಗೂ ತಾನು ಮುಟ್ಟಿಲ್ಲ, ಈ ಕೆಲಸ ಹೋದರೆ ಮನೆ ನಡೆಯುವುದಿಲ್ಲ ಎಂದು ಅವಳು ಅತ್ತಿದ್ದಳು. ಆ ಅಳು ಕಂಡು ಮುಖ್ಯಸ್ಥೆಗೆ ಅಸಹ್ಯವಾಗಿತ್ತು. ಅವಳಿಗೆ ಅಸಹ್ಯವಾಗದ್ದಾದರೂ ಯಾವುದು? ಕೈಯೊಡ್ಡಲು ಬರುವ ಈ ಚಿಲ್ಲರೆ ಜನ, ಕ್ರೀಮು ಹಚ್ಚಿದರೆ ಪ್ರಾಯ ತಿರುಗಿ ಬರುತ್ತದೆಂದು ನಂಬುವ ಗಿರಾಕಿಗಳು, ನಂಬಿಸುವ ಮಾಲೀಕ, ಎಲ್ಲರೂ ಅವಳ ಕಾಲಕಸ. ಅರವತ್ತು ದಾಟಿದ ತಾಯಿ ಮೊನ್ನೆ ಹೊಸ ಚಪ್ಪಲಿ ತಂದಾಗಲೂ, ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಎಂದು ಮೂಗು ಮುರಿದಿದ್ದಳು.

“ಈ ಮುಲಾಮು ನಿಮಗೆ ಯಾರು ಕೊಟ್ರು?”

ಯಾರೂ ಕೊಟ್ಟಿಲ್ಲ, ಹೇಳಿದ ಹಾಗೆ ಎಡಗೈಗೆ ಮಾತ್ರ ಹಚ್ಚುತ್ತಿದ್ದೇನೆ ಎಂದ ಕಂಡಕ್ಟರು. ಎಲ್ಲ ಕಳ್ಳರೂ ಹೇಳುವ ಮಾತು. ಅವಳು ಸಹಾಯಕಿಯನ್ನು ಹತ್ತಿರ ಕರೆದಳು.

“ನೀನೂ ಸರಿಯಾಗಿ ಕೇಳಿಸ್ಕೋ. ಅದನ್ನ ಇಲ್ಲಿಂದ ಹೊರಗೆ ಸಾಗಿಸಿದವರು ಯಾರೇ ಆಗಿರಲಿ, ಇವತ್ತೇ ಮನೆಗೆ.”

ಕಂಡಕ್ಟರು ಸಹಾಯಕಿಯ ಮುಖ ನೋಡಿದ. ಬಲ ತೋಳನ್ನು ಮಡಿಚಿಕೊಂಡು, ಬಿಚ್ಚಿ, ಮತ್ತೆ ಮೇಜಿನ ಮೇಲಿಟ್ಟ.

“ಪಾಪ, ಆ ಹುಡುಗೀನ ಬಿಟ್ಬಿಡಿ ಅಮ್ಮ. ಸಂಜೆ ಪಾರ್ಕಲ್ಲಿ ಒಬ್ರು ನನ್ನ ಜೊತೆ ನಡೀತಾರೆ. ಮೊಣಕಾಲು ನೋವು ಅಂತ ಈ ಕೈ ಹಿಡ್ಕೊಂಡಿರ್ತಾರೆ. ಅವರು ಹಚ್ಕೊಂಡಿದ್ದೇ ಇಲ್ಲಿಗೂ ಅಂಟಿರಬೇಕು.”

ಮುಖ್ಯಸ್ಥೆಗೆ ನಗು ಬಂತು. ಊರು ಹೋಗು, ಕಾಡು ಬಾ ಅನ್ನುವ ವಯಸ್ಸಿನಲ್ಲಿ ಪಾರ್ಕಿನಲ್ಲಿ ಕೈ ಹಿಡಿದು ತಿರುಗಾಟ! ಆ ಮಾನಗೆಟ್ಟ ಮುದುಕಿ ಯಾರು, ಈ ಸಹಾಯಕಿಗೂ ಅವಳಿಗೂ ಏನು ನಂಟು, ಎಲ್ಲಿಂದ ಕದ್ದಳು ಎಂದು ಒಂದೇ ಉಸಿರಿಗೆ ಕೇಳಿದಳು.

ಮುದುಕನಿಗೆ ಮೊದಲ ಸಲ ಸಿಟ್ಟು ಬಂದಿತ್ತು.

“ಹೆಸರು ಹೇಳಲ್ಲ, ಮಾತು ಕೊಟ್ಟಿದೀನಿ. ವಿಷಯ ಗೊತ್ತಾದ್ರೆ ಮಗಳು ಥೂ ಅಂತಾಳೆ ಅಂತ ಅವರಿಗೆ ಒಂದೇ ಹೆದರಿಕೆ. ಆದ್ರೆ ಅವರು ಕದ್ದವರಲ್ಲ ಅಮ್ಮ, ಅಂಗೈ ಒಡೀತಿದೆ ಅಂದಿದ್ದಕ್ಕೆ ಆ ಮಗಳೇ ತನ್ನ ಲ್ಯಾಬಿಂದ ತಂದ್ಕೊಟ್ಟಿದ್ದಂತೆ.”