ಸೇತುವೆ ಕೊಟ್ಟ ಮಾತು

ಹುಟ್ಟುಹಬ್ಬ ಮಾರ್ಲೂಸ್‌ಳದು, ಕೈಕುಲುಕಿಸಿಕೊಳ್ಳುವ ಕರ್ಮ ಹೆಸಲ್‌ನದು. ಹಾಲೆಂಡಿನ ಕಚೇರಿಗಳಲ್ಲಿ ಹುಟ್ಟುಹಬ್ಬದವರ ಪಕ್ಕದ ಮೇಜಿನವನಿಗೂ ಶುಭ ಕೋರದಿದ್ದರೆ ಮರ್ಯಾದೆಯಲ್ಲ. "ಮಾರ್ಲೂಸ್ ಹುಟ್ಟಿದ್ದಕ್ಕೆ ನಿನಗೂ ಅಭಿನಂದನೆ ಕಣಪ್ಪ" ಎಂದು ಬಂದವರೆಲ್ಲ ಅವನ ಕೈ ಕುಲುಕಿ, ಅವಳು ತಂದ ಸೇಬಿನ ಕೇಕು ತಿಂದು ಹೋದರು. ಹೆಸಲ್‌ಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಟ್ರಾಮುಗಳ ಓಡಾಟವನ್ನು ಮೊದಲೇ ಓಡಿಸಿ ನೋಡಲೆಂದು ಇಬ್ಬರೂ ಸೇರಿ ಟ್ರಾಮ್ ಸಂಸ್ಥೆಗಾಗಿ ಕಂಪ್ಯೂಟರಿನೊಳಗೆ ಒಂದು ಊರನ್ನೇ ಕಟ್ಟುತ್ತಿದ್ದರು. ಟ್ರಾಮುಗಳು ಅವಳ ಪಾಲು. ದೋಣಿ ಬಂದಾಗ ಮೇಲೇಳುವ ಕಾಲುವೆಯ ಸೇತುವೆ ಇವನ ಪಾಲು. ಎರಡಕ್ಕೂ ಬೇರೆ ಬೇರೆ ಗಡಿಯಾರ; ಒಂದು ಇನ್ನೊಂದಕ್ಕಿಂತ ಮುಂದೆ ಓಡಬಹುದಿತ್ತು. 'ಇಷ್ಟು ಹೊತ್ತು ನಾನು ಏಳುವುದಿಲ್ಲ' ಎಂದು ಸೇತುವೆ ಮಾತು ಕೊಟ್ಟರೆ, ಟ್ರಾಮಿನ ಗಡಿಯಾರ ಅಷ್ಟು ಹೊತ್ತು ಮಾತ್ರ ಮುಂದೆ ಹೋಗಬೇಕು. ದೋಣಿ ಕರೆ ಕೊಟ್ಟ ಮೇಲೆ ಗಂಟೆ ಬಾರಿಸಿ ಗೇಟು ಇಳಿಸಲು ಎರಡು ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಸೇತುವೆ ಧೈರ್ಯವಾಗಿ ಕೊಡಬಹುದಾದ ಮಾತು ಎರಡೇ ನಿಮಿಷದ್ದು. ಟ್ರಾಮು ಮತ್ತೆ ಮತ್ತೆ ನಿಂತು ಸೇತುವೆಯನ್ನು ಕೇಳಬೇಕಾಗಿ ಬಂದು ಇಡೀ ಊರು ತೆವಳುತ್ತಿತ್ತು.

ಬಾಯಲ್ಲಿ ಕೇಕಿಟ್ಟುಕೊಂಡೇ ಮುಖ್ಯಸ್ಥೆ ಇನೇಕೆ ಅಂದಳು: "ಹೆಸಲ್, ಅವಳ ಟ್ರಾಮು ಹಾರೋಕೆ ರೆಡಿ ಇದೆ. ನಿನ್ನ ಸೇತುವೆನೇ ಕಾಲು ಹಿಡ್ಕೊಂಡು ಎಳೀತಿದೆ ನೋಡು."

ಕಾಯಂ ಕೆಲಸ ಇದ್ದದ್ದು ಒಂದೇ. ಇಬ್ಬರಲ್ಲಿ ಒಬ್ಬರ ಹೆಸರನ್ನು ಬೇಸಿಗೆಯೊಳಗೆ ಇನೇಕೆ ಹೇಳಬೇಕಿತ್ತು. ಅಂದು ಮಧ್ಯಾಹ್ನವೇ ಹೆಸಲ್ ಎರಡು ನಿಮಿಷವನ್ನು ಹತ್ತು ಮಾಡಿಬಿಟ್ಟ. ಊರಿನ ಒಂದು ದಿನ ನೋಡನೋಡುತ್ತಿದ್ದಂತೆ ಓಡಿ ಮುಗಿಯಿತು. ಇನೇಕೆ ಅವನ ಬೆನ್ನು ತಟ್ಟಿದಳು. ಮಾರ್ಲೂಸ್‌ಳ ಮುಖ ಚಿಕ್ಕದಾದದ್ದನ್ನು ಅವನು ಕಣ್ತುಂಬ ನೋಡಿದ. ಅವಳ ಕೇಕಿಗಿಂತ ಅದು ಸಿಹಿಯಾಗಿತ್ತು.

"ಹತ್ತು ನಿಮಿಷ ಸೇತುವೆ ಏಳಲ್ಲ ಅಂತ ನಿಂಗೆ ಹೆಂಗೆ ಗೊತ್ತು?" ಎಂದಳು ಅವಳು, ಇನೇಕೆ ಹೋದ ಮೇಲೆ.

"ದೋಣಿ ಬರೋದೇ ಅಪರೂಪ. ಎಷ್ಟೋ ಸಲ ಓಡಿಸಿ ನೋಡ್ದೆ, ಏನೂ ಆಗ್ಲಿಲ್ಲ."

"ಅಪರೂಪ ಅನ್ನೋದು ಬೇರೆ, ಮಾತು ಕೊಡೋದು ಬೇರೆ. ಇನೇಕೆಗೆ ಹೇಳ್ಲಾ?"

"ಹೇಳು ಹೋಗು. ನಿಂಗೆ ಹೊಟ್ಟೆಕಿಚ್ಚು ಅಂತ ಅವಳಿಗೂ ಗೊತ್ತಾಗ್ಲಿ."

ಮಾರ್ಲೂಸ್ ತನ್ನ ಮೇಜಿಗೆ ತಿರುಗಿದಳು; ಇನೇಕೆಯ ಬಳಿ ಹೋಗಲಿಲ್ಲ.

ಮರುವಾರ ಟ್ರಾಮ್ ಸಂಸ್ಥೆಯವರು ಬಂದು ದೊಡ್ಡ ಪರದೆಯ ಮುಂದೆ ಕೂತರು. ಹೆಸಲ್ ಹೊಸ ಅಂಗಿ ತೊಟ್ಟಿದ್ದ. ಕಂಪ್ಯೂಟರಿನ ಊರಿನಲ್ಲಿ ಬೆಳಗಾಯಿತು, ಟ್ರಾಮುಗಳು ಹೊರಟವು, "ಪರವಾಗಿಲ್ವೇ, ಏನು ಓಟ" ಎಂದು ಯಾರೋ ಮೆಚ್ಚಿದರು. ಅಷ್ಟರಲ್ಲಿ ಮರಳು ಹೊತ್ತ ದೋಣಿಯೊಂದು ಕರೆ ಕೊಟ್ಟಿತು. ಗೇಟು ಇಳಿಯಿತು, ಸೇತುವೆ ಎದ್ದು ನಿಂತಿತು. ಹತ್ತು ನಿಮಿಷದ ಮಾತು ನಂಬಿದ್ದ ಟ್ರಾಮು ತನ್ನ ಗಡಿಯಾರದಲ್ಲಿ ಆ ಹೊತ್ತನ್ನು ಆಗಲೇ ದಾಟಿಬಿಟ್ಟಿತ್ತು. ಪರದೆಯ ಮೇಲೆ ಅದು ಸೇತುವೆಯಿಲ್ಲದ ಜಾಗದಲ್ಲಿ, ಬರೀ ಗಾಳಿಯ ಮೇಲೆ ಸಾಗಿ, ಆಚೆ ದಡದ ನಿಲ್ದಾಣದಲ್ಲಿ ನಿಂತು ಬಾಗಿಲು ತೆರೆಯಿತು.

ಮುಂದಿನ ಸಾಲಿನ ಅಧಿಕಾರಿ ಕನ್ನಡಕ ತೆಗೆದು ಮಾರ್ಲೂಸ್‌ಳತ್ತ ತಿರುಗಿದ. "ಇದು ಹೆಂಗಾಯ್ತಮ್ಮ?"

"ಏಳಲ್ಲ ಅಂತ ಸೇತುವೆ ಮಾತು ಕೊಟ್ಟಿತ್ತು. ಟ್ರಾಮು ನಂಬ್ತು" ಎಂದಳು ಅವಳು. ಯಾರ ಹೆಸರನ್ನೂ ಎತ್ತಲಿಲ್ಲ.

ಇನೇಕೆ ಹೆಸಲ್‌ನನ್ನೇ ದಿಟ್ಟಿಸಿದಳು. ಕಾಯಂ ಕೆಲಸ ಯಾರದೆಂದು ಆ ನೋಟದಲ್ಲೇ ತೀರ್ಮಾನವಾಗಿಹೋಗಿತ್ತು. ಹೆಸಲ್‌ಗೆ ಅದು ಕಾಣಲೇ ಇಲ್ಲ. ಅವನ ಹೊಟ್ಟೆ ಉರಿಯುತ್ತಿದ್ದದ್ದು ಬೇರೆಯದಕ್ಕೆ: ಸೇತುವೆ ತನ್ನದು, ತಪ್ಪೂ ತನ್ನದೇ, ಆದರೂ ಆ ಮನುಷ್ಯ ಕೇಳಿದ್ದು ಅವಳನ್ನು.